ಒಡೆದ ತೊಟ್ಟಿಗಳು

1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರವರು ಆಂಗ್ಲೋ ಇಂಡಿಯನ್ ಜನರ ಸಂಘಕ್ಕೆ ದಯಪಾಲಿಸಿದ ಭೂಮಿಯಲ್ಲಿ ವೈಟ್‌ಫೀಲ್ಡ್ ಎಂಬ ಬೇಸಾಯದ ಊರು ಹುಟ್ಟಿತು. ಈಗ ಅಲ್ಲಿ ಹೊಲಗಳಿಗೆ ಬದಲಾಗಿ ಗಗನವನ್ನು ಮುಟ್ಟುವ ಸೌಧಗಳು ನಿಂತಿರುತ್ತವೆ. ಆದರೆ 2023ರಲ್ಲಿ ಮಳೆಯು ತಪ್ಪಿದ ಕಾರಣ, 2024ರ ಬೇಸಿಗೆಯಲ್ಲಿ ಆ ಪ್ರಾಂತದ ಅನೇಕ ಕೊಳವೆಬಾವಿಗಳು ಬತ್ತಿಹೋದವು. ದೊಡ್ಡ ಸಂಬಳದ ಗೃಹಸ್ಥರು ಸಹ ನೀರಿನ ಟ್ಯಾಂಕರಿನ ದಾರಿಯನ್ನು ಕಾಯಬೇಕಾಯಿತು.

ಆ ದಿನಗಳಲ್ಲಿ ಪ್ರವಾದಿಯಾದ ಯೆರೆಮೀಯನು ನಮಗೆ ನೆನಪಾದನು. ಯೂದಾಯದ ಗುಡ್ಡಗಳಲ್ಲಿ ಜನರು ಬಂಡೆಯನ್ನು ಕೊರೆದು, ಗಾರೆ ಬಳಿದು, ಮಳೆನೀರಿಗೆ ತೊಟ್ಟಿಗಳನ್ನು ಮಾಡಿಕೊಳ್ಳುತ್ತಿದ್ದರು. ಗಾರೆ ಬಿರಿದರೆ ನೀರು ನಿಲ್ಲದು. ತನ್ನ ಜನರು ಜೀವಜಲದ ಬುಗ್ಗೆಯಾದ ದೇವರನ್ನು ಬಿಟ್ಟು, ಇಂಥ ಒಡೆದ ತೊಟ್ಟಿಗಳನ್ನು ಕೊರೆದುಕೊಂಡರೆಂದು ಅವನು ದುಃಖಪಟ್ಟನು.

ವಿಗ್ರಹವೆಂದರೆ ಕೆತ್ತಿದ ಬೊಂಬೆ ಮಾತ್ರವೆಂದು ನಾವು ಎಣಿಸಬಾರದು. ಒಂದೇ ಮರದ ಅರ್ಧವನ್ನು ಒಲೆಗಿಟ್ಟು, ಉಳಿದರ್ಧಕ್ಕೆ ಅಡ್ಡಬೀಳುವವನ ಸಂಗತಿಯನ್ನು ಯೆಶಾಯನ ಗ್ರಂಥವು ಹೇಳುತ್ತದೆ. ಅದೇ ಗ್ರಂಥವು ಐಗುಪ್ತದ ಕುದುರೆಗಳನ್ನೂ ರಥಗಳನ್ನೂ ನಂಬಿದವರನ್ನು ಖಂಡಿಸುತ್ತದೆ. ಯೆರೆಮೀಯನಾದರೋ, ದೇವಾಲಯವಿರುವದರಿಂದ ತಮಗೆ ಭಯವಿಲ್ಲವೆಂದು ಹೇಳಿಕೊಂಡು ಅನ್ಯಾಯಮಾಡುತ್ತಿದ್ದ ಸ್ವಜನರನ್ನೇ ಗದರಿಸಿದನು. ಆದಕಾರಣ ನೆರೆಮನೆಯವರ ಪೂಜೆಯನ್ನು ನೋಡಿ ನಗುವ ಅಧಿಕಾರವು ನಮಗಿಲ್ಲ. ಪೀಣ್ಯದ ಯಂತ್ರವಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗವಾಗಲಿ, ಸಾಲ ಮಾಡಿ ಕೊಂಡ ಮನೆಯಾಗಲಿ, ಯಾವದು ಹೋದರೆ ನಾವೇ ಇಲ್ಲವಾದೆವೆಂದು ಎದೆಯೊಡೆಯುವದೋ ಅದೇ ನಮ್ಮ ವಿಗ್ರಹವು.

ಹಾಗಾದರೆ ಬಾವಿಯನ್ನು ತೋಡಬಾರದೋ? ಮನೆಯನ್ನು ಕೊಳ್ಳಬಾರದೋ? ಹಾಗಲ್ಲ. ಬಾಬೆಲಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿ, ತಾನು ಕಾವಲಿನಲ್ಲಿದ್ದಾಗಲೇ, ಯೆರೆಮೀಯನು ಚಿಕ್ಕಪ್ಪನ ಮಗನಾದ ಹನಮೇಲನಿಂದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡನು. ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿಡಿಸಿದನು. ಪೇಟೆಯ ಲೆಕ್ಕದಲ್ಲಿ ಅದು ಹುಚ್ಚು ವ್ಯಾಪಾರವು. ಆದರೆ ಅವನ ನಂಬಿಕೆಯು ಹೊಲದ ಮೇಲಿರಲಿಲ್ಲ. ಈ ದೇಶದಲ್ಲಿ ಜನರು ಪುನಃ ಹೊಲಮನೆಗಳನ್ನು ಕೊಳ್ಳುವರೆಂದು ಮಾತುಕೊಟ್ಟ ದೇವರ ಮೇಲಿತ್ತು.

2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ಪ್ರಾರಂಭವಾಗಿ, ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರು ಹೆಚ್ಚು ನೀರು ಕೊಡುವ ಏರ್ಪಾಡಾಯಿತು. ಅದಕ್ಕಾಗಿ ದುಡಿದವರಿಗೆ ನಾವು ಕೃತಜ್ಞರು. ಆದರೂ ಕೊಡಗಿನಲ್ಲಿ ಮಳೆಯನ್ನು ಸುರಿಸುವದು ಯಾವ ಕೊಳವೆಯ ಕೆಲಸವೂ ಅಲ್ಲ.

ಪ್ರಿಯ ವಾಚಕರೇ, ಈ ರಾತ್ರಿ ಊಟವಾದ ಮೇಲೆ ಮಕ್ಕಳೊಡನೆ ಕುಳಿತು, ನಮ್ಮ ಮನೆಯ ತೊಟ್ಟಿ ಯಾವದು, ಬುಗ್ಗೆ ಯಾವದು ಎಂದು ಕೇಳಿಕೊಳ್ಳೋಣ. ತೊಟ್ಟಿಯನ್ನು ಒಡೆದುಹಾಕಬೇಕಾಗಿಲ್ಲ, ಅದನ್ನು ಬುಗ್ಗೆಯೆಂದು ಕರೆಯದಿದ್ದರೆ ಸಾಕು.