ಬುಡ ಕತ್ತರಿಸಿದರೆ ಭಿವಂಡಿಯೇ ಮಾಯ

2011ರ ಜನಗಣತಿಯಲ್ಲಿ ಠಾಣೆ ನಗರಕ್ಕೆ 18,41,488 ಜನ, ಕಲ್ಯಾಣ-ಡೊಂಬಿವಲಿಗೆ 12,47,327, ನವಿ ಮುಂಬಯಿಗೆ 11,20,547, ಭಿವಂಡಿಗೆ 7,09,665. ಈ ನಾಲ್ಕು ಅಂಕಿಗಳಿಗೆ ಸ್ತಂಭಾಲೇಖ ಬರೆಯುವುದು ಶಾಲೆಯ ಮಕ್ಕಳಿಗೂ ಬರುತ್ತದೆ. ಒಂದು ಅಂಕಿಯನ್ನೂ ತಿದ್ದದೆ, ಅದೇ ಚಿತ್ರದಲ್ಲಿ ಭಿವಂಡಿಯನ್ನು ಅಳಿಸಿಹಾಕಲೂ ಬರುತ್ತದೆ.

ಕಂಬಗಳ ಬುಡವನ್ನು ಸೊನ್ನೆಯ ಬದಲು ಏಳು ಲಕ್ಷದಲ್ಲಿಟ್ಟರೆ ಸಾಕು. ಭಿವಂಡಿಯ ಕಂಬದಲ್ಲಿ ಉಳಿಯುವುದು 9,665 ಜನರಷ್ಟು ಎತ್ತರ. ಠಾಣೆಯದರಲ್ಲಿ 11 ಲಕ್ಷಕ್ಕೂ ಹೆಚ್ಚು. ನಿಜದಲ್ಲಿ ಠಾಣೆ ಭಿವಂಡಿಯ ಎರಡೂವರೆ ಪಟ್ಟಿಗಿಂತ ತುಸು ದೊಡ್ಡದು, ಚಿತ್ರದಲ್ಲಿ ನೂರು ಪಟ್ಟಿಗೂ ದೊಡ್ಡದು! ಸ್ತಂಭಾಲೇಖದಲ್ಲಿ ಕಣ್ಣು ಓದುವುದು ಕಂಬದ ಉದ್ದವನ್ನೇ. ಹಾಗಾಗಿ ಸೊನ್ನೆ ಕಾಣದ ಕಂಬವನ್ನು ನಾನಂತೂ ನಂಬುವುದಿಲ್ಲ.

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಥ ಚಿತ್ರ ಬರೆದದ್ದು ಒಂದು ಕೊರತೆಯಿಂದ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಅವನ ಕೈಯಲ್ಲಿ ವರ್ಷವರ್ಷದ ಲೆಕ್ಕವಿರಲಿಲ್ಲ, ಒಂದೇ ವರ್ಷದ್ದಿತ್ತು. ಎಳೆಯಲು ಗೆರೆಯೇ ಇಲ್ಲವಾಗಿ, 17 ನಾಡುಗಳೊಂದಿಗಿನ ಅದರ ಆಮದು-ರಫ್ತಿಗೆ ಕಂಬಗಳನ್ನು ಹಾಕಿದ. ಇವತ್ತಿಗೂ ಆಯ್ಕೆಯ ಸೂತ್ರ ಅದೇ: ಕಾಲ ಸರಿಯುವಲ್ಲಿ ಗೆರೆ, ಬಿಡಿಬಿಡಿ ವರ್ಗಗಳಿಗೆ ಕಂಬ. ಠಾಣೆಯ ತುದಿಯಿಂದ ಭಿವಂಡಿಯ ತುದಿಗೆ ಗೆರೆ ಎಳೆದರೆ ನಡುವೆ ಯಾವ ಊರಿದೆ?

ಊರುಗಳಿಗೆ ತಮ್ಮದೇ ಆದ ಕ್ರಮವೂ ಇಲ್ಲ. ಅಕಾರಾದಿಯಾಗಿ ಜೋಡಿಸಿದರೆ ಭಿವಂಡಿ ಕನ್ನಡದಲ್ಲಿ ಕೊನೆಗೆ, ಇಂಗ್ಲಿಷಿನಲ್ಲಿ ಮೊದಲಿಗೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುವುದೇ ಮೇಲು. ವಯೋಮಾನದಂಥ ವರ್ಗಗಳನ್ನು ಮಾತ್ರ ಹಾಗೆ ಕದಲಿಸಬಾರದು. ‘ಭಿವಂಡಿ-ನಿಜಾಂಪುರ’ದಂಥ ಉದ್ದ ಹೆಸರಿದ್ದರೆ ಕಂಬಗಳನ್ನು ಅಡ್ಡ ಮಲಗಿಸಿ, ಓದುಗ ಕತ್ತು ವಾಲಿಸಬೇಕಾಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು, ಒಂದು ಕಂಬದೊಳಗೆ ಯಾರನ್ನು ಸೇರಿಸಿದ್ದಾರೆ ಎಂಬುದು. ಡೊಂಬಿವಲಿಯವರಿಗೆ ಈ ಚಿತ್ರದಲ್ಲಿ ಪ್ರತ್ಯೇಕ ಕಂಬವಿಲ್ಲ, ಕಲ್ಯಾಣದೊಂದಿಗೆ ಒಂದೇ ಪಾಲಿಕೆ. 2011ರ ಠಾಣೆ ಜಿಲ್ಲೆಯಲ್ಲಿ ಪಾಲ್ಘರ್ ಕೂಡ ಇತ್ತು. ಅದು ಬೇರೆ ಜಿಲ್ಲೆಯಾದದ್ದು 2014ರ ಆಗಸ್ಟ್ 1ರಂದು. ಹಳೆಯ, ಹೊಸ ಜಿಲ್ಲೆಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಜನಸಂಖ್ಯೆ ಕುಸಿದಂತೆ ಕಂಡೀತು.

ಭಾಷೆಯ ಲೆಕ್ಕ ನಮಗೆ ಇನ್ನೂ ಹತ್ತಿರದ್ದು. ಅದೇ ಗಣತಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರನ್ನು ಸುಮಾರು 10 ಲಕ್ಷವೆಂದು ಎಣಿಸಿತು. ಗಣತಿಯಲ್ಲಿ ತುಳು ಬೇರೆ ವರ್ಗ, ಕೊಂಕಣಿಯೂ ಬೇರೆ. ಮನೆಯಲ್ಲಿ ತುಳು ಮಾತಾಡಿ, ಕನ್ನಡ ಸಂಘ ನಡೆಸಿ, ಕನ್ನಡ ಪತ್ರಿಕೆ ಓದುವ ಮುಂಬಯಿ ಸೀಮೆಯ ಕುಟುಂಬ ‘ಕನ್ನಡ’ ಎಂದು ಬರೆದ ಕಂಬದಲ್ಲಿ ಇರುವುದಿಲ್ಲ. ಹೊಸ ಜನಗಣತಿಯ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ ಕಂಬದ ಎತ್ತರಕ್ಕಿಂತ ಮೊದಲು ಅದರ ಕೆಳಗಿನ ಹೆಸರನ್ನು ಓದಿ.