ಟರ್ಕಿ ಕೋಳಿಯ ಬೇಟೆಗೆ ತಕ್ಕ ಕೋವಿ

ಮಲೆನಾಡಿನ ನಮ್ಮ ಮನೆಯಲ್ಲಿ ತೋಟ ಕಾಯುವುದಕ್ಕೆಂದು ಲೈಸೆನ್ಸು ಪಡೆದ ಜೋಡಿ ನಳಿಗೆಯ ಕೋವಿಯೊಂದು ಅಜ್ಜನ ಕಾಲದಿಂದಲೂ ಇದೆ. ಅದನ್ನು ಒರೆಸಿ ಎಣ್ಣೆ ಹಾಕಿಡುವ ಕೆಲಸವು ಬಾಲ್ಯದಲ್ಲಿಯೇ ನಮ್ಮ ಪಾಲಿಗೆ ಬಂದುದರಿಂದ, ಕೋವಿಯ ವಿಷಯದಲ್ಲಿ ನಾವು ಬಲ್ಲವರೆಂಬ ಹೆಸರು ಬಂಧುಗಳಲ್ಲಿ ಹಬ್ಬಿದೆ. ಈ ಹೆಸರಿನ ಫಲವಾಗಿ, ಅಮೆರಿಕದ ಮಿಸೌರಿ ಸಂಸ್ಥಾನದಲ್ಲಿ ನೆಲೆಸಿರುವ ನಮ್ಮ ಸೋದರಳಿಯನು ಕಳೆದ ವರ್ಷ ಒಂದು ಪತ್ರ ಬರೆದನು. ನೆರೆಯವರೊಡನೆ ವಸಂತಕಾಲದ ಟರ್ಕಿ ಕೋಳಿಯ ಬೇಟೆಗೆ ಹೋಗಿದ್ದನಂತೆ. ಕೈಯಲ್ಲಿ ಎರವಲು ಕೋವಿ. ಮೊದಲನೆಯ ದಿನ ಹುಂಜವು ಹನ್ನೆರಡು ಗಜದಷ್ಟು ಸಮೀಪಕ್ಕೆ ಬಂದರೂ ಈಡು ತಪ್ಪಿತು. ಎರಡನೆಯ ದಿನ ಅರುವತ್ತು ಗಜದಾಚೆ ನಿಂತಿದ್ದ ಹಕ್ಕಿಗೆ ಹೊಡೆದನು; ಅದು ಉರುಳಿ, ಎದ್ದು, ಪೊದೆಯೊಳಕ್ಕೆ ಓಡಿತು. ಸಂಜೆಯವರೆಗೆ ಹುಡುಕಿದರೂ ಸಿಕ್ಕಲಿಲ್ಲ. “ಮಾವ, ಅದು ಎಲ್ಲಿ ಬಿದ್ದು ಒದ್ದಾಡುತ್ತಿದೆಯೋ ಎಂದು ರಾತ್ರಿ ಊಟ ಸೇರಲಿಲ್ಲ. ನಂಬಬಹುದಾದ ಕೋವಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಎಂಥದನ್ನು ಕೊಳ್ಳಲಿ, ಹೇಳಿ” ಎಂದು ಕೇಳಿದ್ದನು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ಬೇಟೆಯ ಮಾತೇ ಇಲ್ಲ. ನಮ್ಮ ಕೋವಿಯು ಮಂಗಗಳನ್ನು ಬೆದರಿಸುವುದಕ್ಕೆ ಸದ್ದು ಮಾಡುವುದನ್ನು ಬಿಟ್ಟರೆ ಗೋಡೆಯ ಮೇಲೆಯೇ ಇರುತ್ತದೆ. ಆದರೂ ಬಲ್ಲವರನ್ನು ವಿಚಾರಿಸಿ, ಓದಿ, ನಾವು ಅವನಿಗೆ ಬರೆದ ಉತ್ತರದ ಸಾರವನ್ನು ಇಲ್ಲಿ ಕೊಡುತ್ತಿದ್ದೇವೆ. ಮಕ್ಕಳನ್ನು ಆ ದೇಶಕ್ಕೆ ಕಳುಹಿಸಿರುವ ವಾಚಕರು ಹಲವರಿದ್ದಾರೆ. ಕೋವಿಯುಳ್ಳ ಮನೆಗಳವರಿಗೂ ಇದರಲ್ಲಿ ಒಂದೆರಡು ಮಾತು ಉಪಯೋಗಕ್ಕೆ ಬಂದೀತು.

ಮೊದಲು ಹಕ್ಕಿಯ ವಿಚಾರ. ಟರ್ಕಿ ಎಂಬ ಹೆಸರಿದ್ದರೂ ಇದು ಅಮೆರಿಕದ ಕಾಡಿನದೇ ಹಕ್ಕಿ. ಬೆಳೆದ ಹುಂಜವು ಇಪ್ಪತ್ತು ರಾತಲಿನವರೆಗೆ ತೂಗುವುದುಂಟು. ಕಾಡು ಕಡಿದುದರಿಂದಲೂ ಮಿತಿಯಿಲ್ಲದ ಬೇಟೆಯಿಂದಲೂ ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಇದರ ಸಂತತಿಯು ಅಳಿಯುವ ಸ್ಥಿತಿಗೆ ಬಂದಿತ್ತು. 1937ರಲ್ಲಿ ಆ ದೇಶದವರು ಒಂದು ಶಾಸನವನ್ನು ಮಾಡಿ, ಬೇಟೆಯ ಕೋವಿ ಮತ್ತು ತೋಟಾಗಳ ಮೇಲಿನ ನೂರಕ್ಕೆ ಹನ್ನೊಂದರ ತೆರಿಗೆಯನ್ನು ವನ್ಯಜೀವಿಗಳ ಪೋಷಣೆಗೆಂದೇ ಮೀಸಲಿಟ್ಟರು. ಉಳಿದಿದ್ದ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಬೇರೆ ಬೇರೆ ಕಾಡುಗಳಿಗೆ ಬಿಟ್ಟರು. ಮಿಸೌರಿಯಲ್ಲಿ ನಿಂತುಹೋಗಿದ್ದ ಬೇಟೆಗೆ 1960ರಲ್ಲಿ ಮತ್ತೆ ಅಪ್ಪಣೆಯಾಯಿತು. ಈಗ ಅಲಾಸ್ಕವೊಂದನ್ನು ಬಿಟ್ಟು ಎಲ್ಲ ಸಂಸ್ಥಾನಗಳಲ್ಲಿಯೂ ಈ ಹಕ್ಕಿ ಇದೆ. ನಮ್ಮ ಅಳಿಯನು ಕೊಳ್ಳುವ ಕೋವಿಯ ಬೆಲೆಯಲ್ಲಿಯೂ ಹಕ್ಕಿಯ ಪಾಲು ಸೇರಿದೆ ಎಂದಾಯಿತು.

ಬೇಟೆಗಾರನು ನಸುಕಿನಲ್ಲಿಯೇ ಮರದ ಬುಡಕ್ಕೆ ಬೆನ್ನು ಕೊಟ್ಟು ಕುಳಿತು, ಹೇಂಟೆಯ ದನಿಯನ್ನು ಅನುಕರಿಸಿ ಹುಂಜವನ್ನು ಕರೆಯುತ್ತಾನೆ. ಹುಂಜದ ಕಣ್ಣು ಬಲು ಚುರುಕು. ಕೈ ಅಲುಗಿದರೆ ಸಾಕು, ಅದು ಮಾಯವಾಗುತ್ತದೆ. ಮೈಮೇಲಿನ ಗರಿಯೂ ಮಾಂಸವೂ ದಟ್ಟವಾಗಿರುವುದರಿಂದ ಮೈಗೆ ಹೊಡೆದರೆ ಗಾಯಗೊಂಡು ಓಡಿಹೋಗುವ ಸಂಭವವೇ ಹೆಚ್ಚು. ತಲೆಗೂ ಕತ್ತಿಗೂ ಹಲವು ಚರೆಗಳು ಒಮ್ಮೆಗೇ ತಗಲಿದರೆ ಕ್ಷಣದಲ್ಲಿ ಪ್ರಾಣ ಹೋಗುತ್ತದೆ. ಆದುದರಿಂದ ಈ ಬೇಟೆಯ ಕೋವಿಯನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಯು ಒಂದೇ: ಅಷ್ಟು ಸಣ್ಣ ಗುರಿಯ ಮೇಲೆ ಸಾಕಷ್ಟು ಚರೆಗಳನ್ನು ಇದು ಪ್ರತಿಸಲವೂ ಇಡುತ್ತದೆಯೇ?

ನಳಿಗೆಯ ಅಳತೆಯನ್ನು ಕುರಿತು ಅಂಗಡಿಯವರು ಬಹಳ ಮಾತನಾಡುತ್ತಾರೆ. ನಳಿಗೆಯ ವ್ಯಾಸಕ್ಕೆ ಸರಿಯಾದ ಸೀಸದ ಗುಂಡುಗಳು ಹನ್ನೆರಡು ಸೇರಿ ಒಂದು ರಾತಲು ತೂಗಿದರೆ ಅದು ಹನ್ನೆರಡು ಬೋರು. ಇಪ್ಪತ್ತು ಬೇಕಾದರೆ ಇಪ್ಪತ್ತು ಬೋರು. ಆದುದರಿಂದಲೇ ಸಂಖ್ಯೆಯು ಹೆಚ್ಚಿದಂತೆ ನಳಿಗೆಯು ಸಣ್ಣದಾಗುತ್ತದೆ. ಹನ್ನೆರಡರಲ್ಲಿಯೇ ಮೂರೂವರೆ ಅಂಗುಲದ ಉದ್ದ ತೋಟಾ ಹಾಕುವ ಕೋವಿಗಳಿವೆ. ಇವುಗಳ ಒದೆತವು ಹೆಗಲನ್ನು ನೋಯಿಸುವಂಥದು. ಒದೆತಕ್ಕೆ ಹೆದರಿದವನು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ನಳಿಗೆ ಅಲುಗುತ್ತದೆ, ಹೆಚ್ಚಿನ ಮದ್ದಿನಿಂದ ಬಂದ ಲಾಭವೆಲ್ಲ ಅಲ್ಲಿಯೇ ಹೋಗುತ್ತದೆ. ಮೂರು ಅಂಗುಲದ ಹನ್ನೆರಡು ಬೋರು ಧಾರಾಳವಾಗಿ ಸಾಕು. ಸಣ್ಣ ಮೈಯವರಿಗೆ ಇಪ್ಪತ್ತು ಬೋರೇ ಲೇಸು. ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕಿ ಸಾಂದ್ರವಾದ ಟಂಗ್‌ಸ್ಟನ್ ಚರೆಗಳು ಬಂದ ಮೇಲೆ ಸಣ್ಣ ನಳಿಗೆಯ ಕೋವಿಗಳ ಬಲವೂ ಹೆಚ್ಚಿದೆ. ಆದರೆ ಅಂತಹ ತೋಟಾ ಒಂದೊಂದಕ್ಕೆ ಹಲವು ಡಾಲರು ತೆರಬೇಕು.

ನಮ್ಮ ಅಳಿಯನ ಎರಡು ಸೋಲಿಗೂ ಕಾರಣವು ನಳಿಗೆಯ ಬಾಯಲ್ಲಿದ್ದಿತು. ಚರೆಯು ಚೆದರದಂತೆ ನಳಿಗೆಯ ಕೊನೆಯನ್ನು ಕೂದಲೆಳೆಯಷ್ಟು ಕಿರಿದು ಮಾಡಿರುತ್ತಾರೆ. ಇದಕ್ಕೆ ಚೋಕು ಎಂದು ಹೆಸರು. ಪೂರ್ಣ ಚೋಕಿನ ಕೋವಿಯು ನಲವತ್ತು ಗಜದಲ್ಲಿ ಮೂವತ್ತು ಅಂಗುಲದ ವೃತ್ತದೊಳಗೆ ನೂರಕ್ಕೆ ಸುಮಾರು ಎಪ್ಪತ್ತು ಚರೆಗಳನ್ನು ಇಡಬೇಕೆಂಬುದು ಹಳೆಯ ಲೆಕ್ಕ. ಟರ್ಕಿ ಬೇಟೆಗೆಂದು ಇದಕ್ಕಿಂತಲೂ ಬಿಗಿಯಾದ ಚೋಕುಗಳನ್ನು ಮಾರುತ್ತಾರೆ. ಅವು ದೂರಕ್ಕೆ ಒಳ್ಳೆಯವು. ಆದರೆ ಹನ್ನೆರಡು ಗಜದಲ್ಲಿ ಚರೆಯ ಗೊಂಚಲು ಮುಷ್ಟಿಯಷ್ಟೇ ಇರುತ್ತದೆ. ಗುರಿಯು ನಾಲ್ಕು ಬೆರಳು ಜರುಗಿದರೂ ಒಂದು ಚರೆಯೂ ತಾಗದು. ಹಕ್ಕಿಯನ್ನು ನೋಡುವ ಆತುರದಲ್ಲಿ ಹುಡುಗನು ಕೆನ್ನೆಯನ್ನು ಕೋವಿಯ ಮರದಿಂದ ಮೇಲೆತ್ತಿರಬೇಕು. ಹಾಗೆ ಎತ್ತಿದರೆ ಈಡು ಮೇಲೆ ಹೋಗುತ್ತದೆ. ಇನ್ನು ಅರುವತ್ತು ಗಜದಲ್ಲಿ ಅದೇ ಗೊಂಚಲು ಚೆದರಿ, ಒಂದೆರಡು ಚರೆ ಮಾತ್ರ ಮೈಗೆ ತಾಗಿತು. ಅಷ್ಟು ದೂರಕ್ಕೆ ಹೊಡೆದುದು ಅವನ ತಪ್ಪು, ಕೋವಿಯದಲ್ಲ ಎಂದು ನಾವು ಬಿಚ್ಚಿಯೇ ಬರೆದೆವು.

ಇದಕ್ಕೆ ಉಪಾಯವು ಸುಲಭ. ದೊಡ್ಡ ಕಾಗದದ ಮೇಲೆ ಹಕ್ಕಿಯ ತಲೆಯನ್ನೂ ಅದರ ಸುತ್ತ ಹತ್ತು ಅಂಗುಲದ ವೃತ್ತವನ್ನೂ ಬರೆದು, ಹದಿನೈದು, ಇಪ್ಪತ್ತೈದು, ನಲವತ್ತು ಗಜಗಳಿಂದ ಬೇರೆ ಬೇರೆ ಹಾಳೆಗಳಿಗೆ ಹೊಡೆದು ತೂತುಗಳನ್ನು ಎಣಿಸತಕ್ಕದ್ದು. ವೃತ್ತದೊಳಗೆ ನೂರು ತೂತುಗಳಿದ್ದರೆ ಆ ದೂರಕ್ಕೆ ಆ ಕೋವಿಯನ್ನು ನಂಬಬಹುದೆಂದು ಅಲ್ಲಿನ ಅನುಭವಿಗಳ ಎಣಿಕೆ. ಸೀಸದ ಚರೆಯಾದರೆ ನಾಲ್ಕನೆಯ ನಂಬರಿನವು ಔನ್ಸಿಗೆ ಸುಮಾರು 135, ಆರನೆಯ ನಂಬರಿನವು ಸುಮಾರು 225. ದಪ್ಪ ಚರೆಗೆ ಏಟು ಹೆಚ್ಚು, ಸಣ್ಣದಕ್ಕೆ ಸಂಖ್ಯೆ ಹೆಚ್ಚು. ಒಂದು ಕೋವಿಗೆ ಒಗ್ಗಿದ ತೋಟಾ ಅದೇ ಕಾರ್ಖಾನೆಯ ಮತ್ತೊಂದು ಕೋವಿಗೆ ಒಗ್ಗದಿರುವುದೂ ಉಂಟು. ಹೀಗಿರುವಲ್ಲಿ ಕಾಗದವನ್ನಲ್ಲದೆ ಮತ್ತೊಬ್ಬರ ಮಾತನ್ನು ಕೇಳಿ ಫಲವಿಲ್ಲ.

ಯಂತ್ರದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಮುಂಗೈಯಿಂದ ಹಿಂದಕ್ಕೆಳೆದು ಮುಂದಕ್ಕೆ ನೂಕುವ ಪಂಪ್ ಕೋವಿಯು ಅಗ್ಗ, ಗಟ್ಟಿ, ಮಳೆ ಕೆಸರುಗಳಿಗೆ ಅಂಜದು. 1950ರಲ್ಲಿ ಬಂದ ರೆಮಿಂಗ್ಟನ್ 870 ಎಂಬುದು ಒಂದು ಕೋಟಿಗೂ ಮಿಕ್ಕಿ ತಯಾರಾಗಿದೆ. ಹಳೆಯದು ಕೆಟ್ಟರೂ ಬಿಡಿಭಾಗಗಳು ದೊರೆಯುತ್ತವೆ. ಆದರೆ ಅದರ ಸೇಫ್ಟಿ ಗುಂಡಿಯು ಕುದುರೆಯ ಹಿಂದೆ ಅಡ್ಡವಾಗಿದ್ದು ಬಲಗೈಯವರಿಗೆ ಅನುಕೂಲವಾದುದು. ಮಾಸ್‌ಬರ್ಗ್ 500ರಲ್ಲಿ ಅದು ಮೇಲ್ಗಡೆ ಹೆಬ್ಬೆರಳಿನಡಿಯಲ್ಲಿದೆ. ಅಳಿಯನ ಹೆಂಡತಿಯು ಎಡಚಿ. ಅವಳೂ ಹೋಗುವುದಾದರೆ ಎರಡನೆಯದೇ ವಾಸಿ ಎಂದು ಸೂಚಿಸಿದೆವು.

ಇಲ್ಲಿ ನಮ್ಮ ಊರಿನ ಒಂದು ಸಂಗತಿಯನ್ನು ಹೇಳದೆ ಇರಲಾರೆವು. ನಮ್ಮ ನೆರೆಮನೆಯಲ್ಲಿ ಹನ್ನೆರಡರದೊಂದು, ಇಪ್ಪತ್ತರದೊಂದು, ಹೀಗೆ ಎರಡು ಕೋವಿಗಳಿದ್ದವು. ತೋಟಾಗಳು ಒಂದೇ ಡಬ್ಬಿಯಲ್ಲಿ. ಒಂದು ಮುಂಜಾನೆ ಯಜಮಾನರು ಹನ್ನೆರಡರ ಕೋವಿಗೆ ಇಪ್ಪತ್ತರ ತೋಟಾ ಹಾಕಿದರು. ಅದು ನಳಿಗೆಯೊಳಕ್ಕೆ ಜಾರಿ ಸಿಕ್ಕಿಕೊಂಡಿತು. ಕೋವಿ ಹಾರಲಿಲ್ಲವೆಂದು ತೆರೆದು ನೋಡಿದರೆ ಖಾಲಿ ಕಂಡಿತು. ಸರಿಯಾದ ತೋಟಾವನ್ನು ಹಾಕಿ ಹೊಡೆದರು. ನಳಿಗೆ ಸಿಡಿದು ಅವರ ಎಡಗೈಯ ಎರಡು ಬೆರಳುಗಳು ಹೋದವು. ಈ ಅನಾಹುತಕ್ಕಾಗಿಯೇ ಇಪ್ಪತ್ತರ ತೋಟಾಗಳಿಗೆ ಹಳದಿ ಬಣ್ಣವನ್ನು ಗೊತ್ತುಮಾಡಿದ್ದಾರೆ. ಗಂಡಹೆಂಡಿರು ಬೇರೆ ಬೇರೆ ಬೋರಿನ ಕೋವಿಗಳನ್ನು ಇಟ್ಟುಕೊಳ್ಳಕೂಡದೆಂದು ನಾವು ಕಟ್ಟುನಿಟ್ಟಾಗಿ ಬರೆದೆವು. ಅಜ್ಜಂದಿರ ಕಾಲದ, ಕಬ್ಬಿಣದ ಪಟ್ಟಿ ಸುತ್ತಿ ಮಾಡಿದ ನಳಿಗೆಗಳೂ ಈಗಿನ ಮದ್ದನ್ನು ತಾಳಲಾರವು. ಅಂತಹವು ಗೋಡೆಗೇ ಅಲಂಕಾರವಾಗಿರಲಿ.

ಇನ್ನೊಂದು ಅಪಾಯವು ಈ ಬೇಟೆಗೇ ವಿಶೇಷವಾದುದು. ಹುಂಜದ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣಗಳು ಕೂಡಿರುತ್ತವೆ. ಬೇಟೆಗಾರನು ಎಲೆಬಣ್ಣದ ಉಡುಪಿನಲ್ಲಿ ಅಡಗಿ ಹೇಂಟೆಯಂತೆ ಕೂಗುತ್ತಿರುವಾಗ, ಇನ್ನೊಬ್ಬ ಬೇಟೆಗಾರನು ಅವನನ್ನೇ ಹಕ್ಕಿಯೆಂದು ಬಗೆದು ಹೊಡೆದ ಪ್ರಸಂಗಗಳು ಅಲ್ಲಿ ನಡೆದಿವೆ. ಕರವಸ್ತ್ರ ಕೂಡ ಆ ಬಣ್ಣದ್ದಾಗಿರಬಾರದು. ಬೆನ್ನಿಗಿಟ್ಟ ಮರವು ಹೆಗಲಿಗಿಂತ ಅಗಲವಾಗಿರಬೇಕು. ಯಾರಾದರೂ ಬರುವುದು ಕಂಡರೆ ಕೈಬೀಸದೆ ಗಟ್ಟಿಯಾಗಿ ಮಾತನಾಡಬೇಕು. ಗಡ್ಡದಂತೆ ಎದೆಯಿಂದ ಇಳಿದ ಗರಿಗೂದಲು ಕಣ್ಣಿಗೆ ಬೀಳುವವರೆಗೆ ಬೆರಳು ಕುದುರೆಯ ಮೇಲೆ ಹೋಗಕೂಡದು.

ಈ ವಸಂತದಲ್ಲಿ ಅಳಿಯನ ಉತ್ತರ ಬಂದಿತು. ಇಪ್ಪತ್ತು ಬೋರಿನ ಮಾಸ್‌ಬರ್ಗ್ ಕೋವಿಯೊಂದನ್ನೇ ಇಬ್ಬರಿಗೂ ಕೊಂಡರಂತೆ. ತೂತು ಬಿದ್ದ ಹಾಳೆಯೊಂದನ್ನು ಮಡಿಸಿ ಪತ್ರದೊಡನೆ ಕಳುಹಿಸಿದ್ದನು: ಮೂವತ್ತೈದು ಗಜ, ವೃತ್ತದೊಳಗೆ 118. ಅದರಾಚೆಗೆ ಹೊಡೆಯುವುದಿಲ್ಲವೆಂದು ಅಂಚಿನಲ್ಲಿ ಬರೆದಿದ್ದನು. ಹಕ್ಕಿಯನ್ನು ಹೊಡೆದವಳು ಅವನ ಹೆಂಡತಿ, ಇಪ್ಪತ್ತೆರಡು ಗಜದಲ್ಲಿ, ಒಂದೇ ಈಡಿಗೆ. ಪುಕ್ಕ ಕೀಳುವ ಕೆಲಸ ಮಾತ್ರ ತನ್ನ ಪಾಲಿಗೆ ಬಂದಿತೆಂದು ಹುಡುಗನು ದೂರಿದ್ದಾನೆ.