ಹಬ್ಬದ ಹೋರಿಯ ಆಯ್ಕೆ ಮತ್ತು ತಯಾರಿ

ಹಬ್ಬದ ಹೋರಿಯ ಆಯ್ಕೆ ಎಂದರೆ ಹೋರಿ ಬೆದರಿಸುವ ಸ್ಪರ್ಧೆಗೆ ತಕ್ಕ ಕರುವನ್ನು ಗುರುತಿಸಿ, ಅದನ್ನು ಬೆಳೆಸಿ, ಅದು ಅಖಾಡಕ್ಕೆ ಇಳಿಯಲು ಸಿದ್ಧವಾಗಿದೆಯೇ ಹಾಗೂ ಮುಂದೆಯೂ ಇಟ್ಟುಕೊಳ್ಳಲು ಯೋಗ್ಯವೇ ಎಂದು ನಿರ್ಧರಿಸುವ ಕ್ರಮ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿಯೂ ಅವುಗಳಿಗೆ ಹೊಂದಿಕೊಂಡಿರುವ ಹಾವೇರಿ ಜಿಲ್ಲೆಯ ಭಾಗಗಳಲ್ಲಿಯೂ ಈ ಸ್ಪರ್ಧೆ ಪ್ರಚಲಿತವಾಗಿದೆ. ಇದನ್ನು ಹೋರಿ ಹಬ್ಬ, ಕೊಬ್ಬರಿ ಹೋರಿ ಹಬ್ಬ, ಹೋರಿ ಬೆದರಿಸುವ ಹಬ್ಬ ಎಂಬ ಹೆಸರುಗಳಿಂದ ಕರೆಯುತ್ತಾರೆ. ಹೋರಿಯ ವಯಸ್ಸು, ಅಂಗರಚನೆ, ಸ್ವಭಾವ ಮತ್ತು ಆರೋಗ್ಯ ಈ ನಾಲ್ಕನ್ನೂ ಒಟ್ಟಾಗಿ ನೋಡಿ ತೀರ್ಮಾನಿಸುವುದು ರೂಢಿ. ಈ ತೀರ್ಮಾನ ತಪ್ಪಿದರೆ ಪ್ರಾಣಿಗೆ ಮಾತ್ರವಲ್ಲದೆ ಹಿಡಿಯುವವರಿಗೂ ಪ್ರೇಕ್ಷಕರಿಗೂ ಅಪಾಯವಾಗುವುದರಿಂದ ಇದು ಕೇವಲ ಗೆಲುವು ಸೋಲಿನ ವಿಷಯವಾಗಿ ಉಳಿಯುವುದಿಲ್ಲ.

## ಹಿನ್ನೆಲೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಮತ್ತು ಬಯಲುಸೀಮೆಗಳು ಸೇರುವ ಅರೆಮಲೆನಾಡಿನ ಪ್ರದೇಶಗಳು. ಭತ್ತ ಮತ್ತು ಮೆಕ್ಕೆಜೋಳ ಇಲ್ಲಿನ ಮುಖ್ಯ ಬೆಳೆಗಳಲ್ಲಿ ಸೇರಿವೆ. ಬಹುಕಾಲದವರೆಗೆ ಉಳುಮೆ ಮತ್ತು ಸಾಗಣೆ ಎತ್ತುಗಳನ್ನೇ ಅವಲಂಬಿಸಿದ್ದವು. ಬಳ್ಳಿಗಾವಿಯೂ ಸೇರಿದಂತೆ ಈ ಸೀಮೆಯಲ್ಲಿ ವೀರಗಲ್ಲುಗಳು ಹೇರಳವಾಗಿವೆ. ಕರ್ನಾಟಕದ ವೀರಗಲ್ಲುಗಳಲ್ಲಿ ತುರುಗೋಳ್, ಅಂದರೆ ದನಗಳನ್ನು ಅಪಹರಿಸುವಾಗ ಅಥವಾ ಬಿಡಿಸಿ ತರುವಾಗ ಮಡಿದವರ ಸ್ಮಾರಕಗಳು ಒಂದು ಮುಖ್ಯ ವರ್ಗ. ದನಗಳು ಸಂಪತ್ತಾಗಿದ್ದ ಕಾಲವನ್ನು ಅವು ನೆನಪಿಸುತ್ತವೆ.

ದೀಪಾವಳಿಯ ಬಲಿಪಾಡ್ಯಮಿಯಂದು ದನಗಳನ್ನು ತೊಳೆದು, ಸಿಂಗರಿಸಿ, ಪೂಜಿಸಿ ಓಡಿಸುವ ಪದ್ಧತಿ ಕರ್ನಾಟಕದ ಅನೇಕ ಕಡೆ ಇದೆ. ಹೋರಿ ಹಬ್ಬ ಈ ಪದ್ಧತಿಯೊಂದಿಗೆ ಬೆಸೆದುಕೊಂಡಿದೆ. ದೀಪಾವಳಿಯ ನಂತರ ಒಂದೊಂದು ಊರಿನಲ್ಲಿ ಒಂದೊಂದು ದಿನದಂತೆ ಸ್ಪರ್ಧೆಗಳು ನಡೆಯುತ್ತವೆ. ಟ್ರ್ಯಾಕ್ಟರ್ ಬಂದ ಮೇಲೆ ಉಳುಮೆಯ ಎತ್ತುಗಳು ಕಡಿಮೆಯಾದವು. ಆದರೆ ಸ್ಪರ್ಧೆಗೆಂದೇ ಹೋರಿ ಸಾಕುವ ರೂಢಿ ಬೆಳೆಯಿತು. ಹೆಸರಾದ ಹೋರಿಗಳಿಗೆ ಬಿರುದುಗಳೂ ಅಭಿಮಾನಿ ಬಳಗಗಳೂ ಇರುತ್ತವೆ.

## ಸ್ಪರ್ಧೆಯ ಸ್ವರೂಪ

ಅಖಾಡವು ಎರಡೂ ಬದಿಗೆ ಬೇಲಿ ಕಟ್ಟಿದ ಉದ್ದನೆಯ ಓಣಿ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿ, ಕೊಂಬುಗಳಿಗೆ ಬಲೂನು, ರಿಬ್ಬನ್, ಮೈಮೇಲೆ ಜೂಲ ಹಾಕಿ ಒಂದೊಂದಾಗಿ ಬಿಡುತ್ತಾರೆ. ದಾರಿಯಲ್ಲಿ ನಿಂತ ಯುವಕರು ಅದನ್ನು ತಡೆದು ಕೊಬ್ಬರಿಯನ್ನು ಕಿತ್ತುಕೊಳ್ಳಲು ಯತ್ನಿಸುತ್ತಾರೆ. ಯಾರ ಕೈಗೂ ಸಿಗದೆ ಓಣಿಯನ್ನು ದಾಟಿದ ಹೋರಿ ಗೆದ್ದಂತೆ.

ಆದ್ದರಿಂದ ಹಬ್ಬದ ಹೋರಿಯಿಂದ ನಿರೀಕ್ಷಿಸುವುದು ಕಾದಾಟವಲ್ಲ, ತಪ್ಪಿಸಿಕೊಂಡು ಮುಂದೆ ಸಾಗುವ ಓಟ. ಸ್ಪರ್ಧೆಯ ಹೆಸರಿನಲ್ಲಿರುವ ‘ಬೆದರಿಸು’ ಎಂಬ ಮಾತೂ ಇದನ್ನೇ ಸೂಚಿಸುತ್ತದೆ. ಕರುವನ್ನು ಆರಿಸುವಾಗ ಈ ವ್ಯತ್ಯಾಸವನ್ನು ಮರೆಯುವಂತಿಲ್ಲ. ಕೊಂಬು ತಗ್ಗಿಸಿ ಜನರ ಮೇಲೆ ಹಾಯುವ ಕರು ಧೈರ್ಯಶಾಲಿಯಾಗಿ ಕಂಡರೂ ಓಣಿಯಲ್ಲಿ ಅದು ನಿಂತುಬಿಡುತ್ತದೆ ಅಥವಾ ತಿರುಗಿಬೀಳುತ್ತದೆ. ನಿಂತ ಹೋರಿಯ ಕೊಬ್ಬರಿ ಹೋಗುತ್ತದೆ. ತಿರುಗಿಬಿದ್ದ ಹೋರಿಯಿಂದ ಜೀವವೇ ಹೋಗಬಹುದು.

## ತಳಿಗಳು

ಸ್ಪರ್ಧೆಯ ಹೋರಿಗಳಲ್ಲಿ ಹಳ್ಳಿಕಾರ್ ಮತ್ತು ಅಮೃತಮಹಲ್ ಲಕ್ಷಣದ ದನಗಳಿಗೆ ಪ್ರಾಶಸ್ತ್ಯವಿದೆ. ಈ ಎರಡೂ ತಳಿಗಳ ಕೊಂಬುಗಳು ಬುಡದಲ್ಲಿ ಹತ್ತಿರವಿದ್ದು, ಹಿಂದಕ್ಕೆ ಬಾಗಿ, ತುದಿ ಚೂಪಾಗಿರುತ್ತವೆ. ಮುಖ ಉದ್ದ, ಕಾಲುಗಳು ನೀಳ, ಗೊರಸು ಗಟ್ಟಿ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಲ್ಲಿ ಬೆಳೆದ ದನಗಳೇ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದವು. ಸೈನ್ಯದ ಸರಕು ಸಾಗಣೆಗಾಗಿ ರೂಢಿಸಿದ ಈ ತಳಿ ವೇಗ, ಸಹನಶಕ್ತಿ ಮತ್ತು ಬಿರುಸು ಸ್ವಭಾವಕ್ಕೆ ಹೆಸರಾಗಿದೆ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಇದರ ತಳಿ ಸಂವರ್ಧನಾ ಕೇಂದ್ರವಿದೆ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಖಿಲಾರಿ ಕೂಡ ಓಟಕ್ಕೆ ಹೆಸರಾದ ತಳಿ. ಸ್ಥಳೀಯ ಮಲೆನಾಡು ಗಿಡ್ಡ ಚುರುಕಾದರೂ ಗಾತ್ರದಲ್ಲಿ ಚಿಕ್ಕದು.

## ವಯಸ್ಸಿನ ನಿರ್ಣಯ

ಕರು ಎಷ್ಟು ಬೆಳೆದಿದೆ ಎಂಬುದನ್ನು ಮೈಗಾತ್ರದಿಂದಲ್ಲದೆ ಹಲ್ಲಿನಿಂದ ತಿಳಿಯುತ್ತಾರೆ. ದನಗಳಿಗೆ ಮೇಲ್ದವಡೆಯಲ್ಲಿ ಬಾಚಿಹಲ್ಲುಗಳಿಲ್ಲ, ಕೆಳದವಡೆಯಲ್ಲಿ ಎಂಟಿರುತ್ತವೆ. ಹಾಲುಹಲ್ಲುಗಳು ನಡುವಿನಿಂದ ಆರಂಭಿಸಿ ಜೋಡಿಜೋಡಿಯಾಗಿ ಬಿದ್ದು ಶಾಶ್ವತ ಹಲ್ಲುಗಳು ಬರುತ್ತವೆ. ದೇಶಿ ತಳಿಗಳಲ್ಲಿ ಇದರ ಕ್ರಮ ಸುಮಾರಾಗಿ ಹೀಗಿದೆ:

- ಹಾಲುಹಲ್ಲು: 2 ವರ್ಷದೊಳಗೆ
- ಎರಡು ಹಲ್ಲು: 2ರಿಂದ 2.5 ವರ್ಷ
- ನಾಲ್ಕು ಹಲ್ಲು: ಸುಮಾರು 3 ವರ್ಷ
- ಆರು ಹಲ್ಲು: 3.5ರಿಂದ 4 ವರ್ಷ
- ಎಂಟು ಹಲ್ಲು ಅಥವಾ ಬಾಯಿಗೂಡುವುದು: 4.5ರಿಂದ 5 ವರ್ಷ

ಮೇವು ಮತ್ತು ತಳಿಗೆ ತಕ್ಕಂತೆ ಕೆಲವು ತಿಂಗಳ ವ್ಯತ್ಯಾಸ ಸಹಜ. ದನಗಳ ಕಾಲಿನ ಉದ್ದ ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಪದರಗಳು ಒಂದೇ ಸಲಕ್ಕೆ ಗಟ್ಟಿಯಾಗುವುದಿಲ್ಲ. ಕಾಲಿನ ಕೆಳಭಾಗದಲ್ಲಿ ಮೊದಲು, ಮೇಲ್ಭಾಗದಲ್ಲಿ ನಂತರ, ಹೀಗೆ ಸುಮಾರು ನಾಲ್ಕನೆಯ ವರ್ಷದವರೆಗೂ ಈ ಪ್ರಕ್ರಿಯೆ ಸಾಗುತ್ತದೆ. ಎರಡು ಹಲ್ಲಿನ ಹೋರಿ ನೋಡಲು ತುಂಬಿಕೊಂಡಿದ್ದರೂ ಅದರ ಕೀಲುಗಳು ಇನ್ನೂ ಎಳೆಯವು. ಆ ವಯಸ್ಸಿನಲ್ಲಿ ಗಟ್ಟಿ ನೆಲದ ಮೇಲೆ ಪದೇ ಪದೇ ಓಡಿಸಿದರೆ ಕಾಲು ಕೆಡುವ ಸಂಭವ ಹೆಚ್ಚು. ಈ ಕಾರಣದಿಂದ ಹಲ್ಲು ಹಾಕದ ಕರುವನ್ನು ಪೂರ್ಣ ಸ್ಪರ್ಧೆಗೆ ಬಿಡದೆ, ಜನ ಮತ್ತು ಸದ್ದಿನ ರೂಢಿ ಮಾಡಿಸುವುದಕ್ಕೆ ಮಾತ್ರ ಅಖಾಡದ ಬಳಿಗೆ ಕರೆದೊಯ್ಯುವುದು ಉತ್ತಮ.

## ಅಂಗಲಕ್ಷಣಗಳು

ಓಡುವ ಹೋರಿಯಲ್ಲಿ ನೋಡುವ ಲಕ್ಷಣಗಳಿಗೆ ಬಹುಮಟ್ಟಿಗೆ ದೇಹರಚನೆಯ ಕಾರಣಗಳಿವೆ.

- ಎದೆ: ಅಗಲ ಮತ್ತು ಆಳವಾಗಿರಬೇಕು. ಶ್ವಾಸಕೋಶಕ್ಕೆ ಎಡೆ ಸಿಗುತ್ತದೆ.
- ಕಾಲು: ಮುಂದಿನಿಂದಲೂ ಹಿಂದಿನಿಂದಲೂ ನೋಡಿದಾಗ ನೇರವಾಗಿರಬೇಕು. ಹಿಂಗಾಲಿನ ಮಂಡಿಗಳು ಒಂದಕ್ಕೊಂದು ತಾಗುವ ಕರು ವೇಗದಲ್ಲಿ ಎಡವುತ್ತದೆ.
- ಗೊರಸು: ಚಿಕ್ಕದಾಗಿ, ಗಟ್ಟಿಯಾಗಿ, ಎರಡು ಸೀಳುಗಳೂ ಸಮನಾಗಿರಬೇಕು.
- ಬೆನ್ನು: ಬಾಗದೆ ಸಮತಟ್ಟಾಗಿರಬೇಕು.
- ಚರ್ಮ: ತೆಳುವಾಗಿ ಬಿಗಿಯಾಗಿರಬೇಕು. ಗಂಗೆದೊಗಲು ಅತಿಯಾಗಿ ಜೋತುಬಿದ್ದಿರಬಾರದು.
- ಕಣ್ಣು: ಹೊಳಪಿರಬೇಕು, ನೀರು ಸುರಿಯಬಾರದು. ಒಂದು ಕಣ್ಣಿನ ದೋಷವಿರುವ ಹೋರಿ ಆ ಬದಿಯಿಂದ ಬಂದವರನ್ನು ಕಾಣದೆ ಹಠಾತ್ತನೆ ಹೊರಳುತ್ತದೆ.

ಇವುಗಳೊಂದಿಗೆ ಸುಳಿ ನೋಡುವ ಸಂಪ್ರದಾಯವೂ ಇದೆ. ಮೈಮೇಲಿನ ಕೂದಲು ಸುತ್ತಿಕೊಂಡಿರುವ ಜಾಗವನ್ನು ನೋಡಿ ಶುಭಾಶುಭ ಹೇಳುತ್ತಾರೆ. ಕೆಟ್ಟ ಸುಳಿಯ ಕರುವಿಗೆ ಜಾತ್ರೆಯಲ್ಲಿ ಬೆಲೆ ಇಳಿಯುತ್ತದೆ. ಮನೆತನದ ಏಳುಬೀಳಿಗೂ ಸುಳಿಗೂ ಸಂಬಂಧವಿದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಹಣೆಯ ಸುಳಿಗೂ ಸ್ವಭಾವಕ್ಕೂ ಇರುವ ನಂಟನ್ನು ವಿಜ್ಞಾನಿಗಳು ಪರಿಶೀಲಿಸಿದ್ದಾರೆ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿಗಿಂತ ಮೇಲೆ ಸುಳಿ ಇರುವ ದನಗಳು ಕಟ್ಟಿಹಾಕಿದಾಗ ಹೆಚ್ಚು ಚಡಪಡಿಸಿದವು ಎಂದು ಕಂಡುಬಂದಿತು. ಇದು ಸರಾಸರಿಯ ಮಾತು. ಒಂದು ಕರುವಿನ ಬಗ್ಗೆ ತೀರ್ಪು ನೀಡಲು ಇದೊಂದೇ ಸಾಲದು.

## ಸ್ವಭಾವದ ಪರೀಕ್ಷೆ

ದನಗಳ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಅವು ಸುಮಾರು 330 ಡಿಗ್ರಿಯಷ್ಟು ಸುತ್ತಳತೆಯನ್ನು ಕಾಣಬಲ್ಲವು. ನೇರ ಹಿಂಬದಿಯಷ್ಟೇ ಕಾಣದು. ಪ್ರತಿ ದನಕ್ಕೂ ತನ್ನ ಸುತ್ತ ಒಂದು ಅಂತರವಿರುತ್ತದೆ. ಅದರೊಳಗೆ ಅಪರಿಚಿತರು ಕಾಲಿಟ್ಟರೆ ಅದು ದೂರ ಸರಿಯುತ್ತದೆ. ಹೋರಿ ಆರಿಸುವವರು ಪರೀಕ್ಷಿಸುವುದು ಮುಖ್ಯವಾಗಿ ಇದನ್ನೇ. ಕಟ್ಟದೆ ಬಿಟ್ಟ ಕರುವಿನ ಬಳಿಗೆ ಹೊಸಬರೊಬ್ಬರು ನಿಧಾನವಾಗಿ ನಡೆದುಹೋದಾಗ ಅದು ಏನು ಮಾಡುತ್ತದೆ ಎಂದು ಗಮನಿಸುತ್ತಾರೆ.

ಬೇಗ ಎಚ್ಚೆತ್ತು, ಕಿವಿ ನಿಮಿರಿಸಿ, ತೆರವಿರುವ ಕಡೆಗೆ ನುಗ್ಗುವ ಕರು ಭರವಸೆಯದು. ಹತ್ತಿರ ಬರುವವರೆಗೂ ಸುಮ್ಮನೆ ನಿಲ್ಲುವ ಕರು ಉಳುಮೆಗೆ ಒಳ್ಳೆಯದು. ನೆಲ ಕೆರೆದು, ತಲೆ ತಗ್ಗಿಸಿ ಎದುರಾಗುವ ಕರುವನ್ನು ಎಳೆಯದರಲ್ಲಿಯೇ ಬೇರ್ಪಡಿಸಬೇಕು. ಬೆದರಿ ಬೇಲಿಗೆ ಢಿಕ್ಕಿ ಹೊಡೆಯುವ ಅಥವಾ ಬೇಲಿ ಹಾರಲು ನೋಡುವ ಕರು ನಾಲ್ಕನೆಯ ಬಗೆ. ಇದು ವೇಗದಲ್ಲಿ ಮುಂದಿದ್ದರೂ ದಿಕ್ಕು ಉಳಿಸಿಕೊಳ್ಳುವುದಿಲ್ಲ. ಪ್ರೇಕ್ಷಕರ ನಡುವೆ ನುಗ್ಗುವ ಅಪಾಯ ಇದರಿಂದಲೇ ಹೆಚ್ಚು.

ಒಂದೇ ದಿನದ ಪರೀಕ್ಷೆಯಿಂದ ತೀರ್ಮಾನಿಸುವುದು ಸರಿಯಲ್ಲ. ಜಾತ್ರೆಯಿಂದ ಹೊಸದಾಗಿ ತಂದ ಕರು ಜಾಗ, ನೀರು, ಜನ ಬದಲಾದ ಕಾರಣಕ್ಕೇ ಕೆಲವು ವಾರ ಬೆದರಿಕೊಂಡಿರುತ್ತದೆ. ಅದು ಮೇವಿಗೆ ಹೊಂದಿಕೊಂಡು, ಸಾಕುವವರ ಧ್ವನಿಯನ್ನು ಗುರುತಿಸುವಂತಾದ ಮೇಲೆ ಕಾಣುವುದೇ ಅದರ ನಿಜವಾದ ಸ್ವಭಾವ.

## ತಯಾರಿಯ ಹಂತಗಳು

ಮೊದಲ ಹಂತ ಒಗ್ಗಿಸುವಿಕೆ. ಕಣ್ಣಿಯಲ್ಲಿ ಕಟ್ಟಿ ಬೆಳೆಸಿದ ಕರುವಿಗೆ ವರ್ಷ ತುಂಬಿದ ನಂತರ ಮೂಗುದಾರ ಹಾಕುತ್ತಾರೆ. ಗಾಯ ಮಾಯುವ ಮುನ್ನ ಮೂಗುದಾರ ಜಗ್ಗಿದರೆ ಕರು ಮನುಷ್ಯನ ಕೈಗೆ ಹೆದರುವುದನ್ನು ಕಲಿಯುತ್ತದೆ. ಪ್ರತಿದಿನ ಮೈ ತಿಕ್ಕುವುದು, ಗೊರಸು ಎತ್ತಿ ನೋಡುವುದು, ಒಬ್ಬರೇ ಮೇವು ಹಾಕುವುದು ಇವುಗಳಿಂದ ನಂಬಿಕೆ ಹುಟ್ಟುತ್ತದೆ. ಓಣಿಯ ಕೊನೆಯಲ್ಲಿ ಒಡೆಯನ ಧ್ವನಿಗೆ ನಿಲ್ಲುವ ಹೋರಿಯನ್ನು ಹಿಡಿಯುವುದು ಸುಲಭ; ನಿಲ್ಲದ ಹೋರಿ ಗೆದ್ದ ಮೇಲೂ ಊರಿನೊಳಗೆ ನುಗ್ಗುತ್ತದೆ.

ಎರಡನೆಯದು ಸದ್ದು ಮತ್ತು ಅಲಂಕಾರದ ರೂಢಿ. ದನಗಳು ಕೆಂಪು ಬಣ್ಣಕ್ಕೆ ಕೆರಳುತ್ತವೆ ಎಂಬುದು ತಪ್ಪು ತಿಳಿವಳಿಕೆ. ಅವು ಬೆದರುವುದು ಹಠಾತ್ ಚಲನೆಗೆ ಮತ್ತು ಸದ್ದಿಗೆ. ಆದ್ದರಿಂದ ಗೆಜ್ಜೆ, ಕೊಬ್ಬರಿ ಹಾರ, ಬಲೂನುಗಳನ್ನು ಮನೆಯಲ್ಲೇ ಒಂದೊಂದಾಗಿ ಕಟ್ಟಿ ಓಡಾಡಿಸುತ್ತಾರೆ.

ಮೂರನೆಯದು ದಮ್ಮು ಕಟ್ಟುವುದು. ಕೆರೆಯಲ್ಲಿ ಈಜಿಸುವುದು, ಉತ್ತ ಹೊಲದಲ್ಲಿ ನಡೆಸುವುದು ಇದರ ಸಾಮಾನ್ಯ ವಿಧಾನಗಳು. ಈಜಿನಲ್ಲಿ ಗೊರಸು ಮತ್ತು ಕೀಲುಗಳ ಮೇಲೆ ಭಾರ ಬೀಳದೆ ಉಸಿರಾಟ ಬಲಗೊಳ್ಳುತ್ತದೆ. ಹುರುಳಿ, ಹತ್ತಿಕಾಳು, ಹಿಂಡಿ, ಮೆಕ್ಕೆಜೋಳದ ನುಚ್ಚು ಮುಂತಾದವುಗಳನ್ನು ಒಣಮೇವಿನ ಜೊತೆ ಕೊಡುತ್ತಾರೆ. ಹಬ್ಬ ಹತ್ತಿರ ಬಂತೆಂದು ಕಾಳನ್ನು ಒಮ್ಮೆಲೇ ಹೆಚ್ಚಿಸಬಾರದು. ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿ ಹೋರಿ ಮೇವು ಬಿಡುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಗೊರಸಿನ ಒಳಪದರ ಊದಿ ಕುಂಟುವುದೂ ಉಂಟು.

## ಸಿದ್ಧತೆಯ ಗುರುತುಗಳು

ಹೋರಿ ಸಿದ್ಧವಾಗಿದೆ ಎಂದು ಹೇಳಲು ಕನಿಷ್ಠ ಐದು ಅಂಶಗಳು ಕೂಡಿಬರಬೇಕು.

1. ವಯಸ್ಸು: ನಾಲ್ಕು ಹಲ್ಲು ಬಂದಿರಬೇಕು. ಆರು ಹಲ್ಲಿನವರೆಗೆ ಕಾಯುವುದು ಇನ್ನೂ ಸುರಕ್ಷಿತ.
2. ಉಸಿರು: ವಿಶ್ರಾಂತಿಯಲ್ಲಿರುವ ಪ್ರೌಢ ದನ ನಿಮಿಷಕ್ಕೆ ಸುಮಾರು 10ರಿಂದ 30 ಬಾರಿ ಉಸಿರಾಡುತ್ತದೆ. ಓಟದ ನಂತರ ಉಸಿರು ಬೇಗನೆ ಈ ಮಟ್ಟಕ್ಕೆ ಇಳಿಯಬೇಕು. ಬಾಯಿ ತೆರೆದು ನಾಲಿಗೆ ಚಾಚಿ ಏದುಸಿರು ಬಿಡುವ ಹೋರಿ ಸಿದ್ಧವಾಗಿಲ್ಲ.
3. ನಡಿಗೆ: ಓಡಿಸಿದ ಮರುದಿನ ಬೆಳಿಗ್ಗೆ ಕುಂಟದೆ ಎದ್ದು ನಡೆಯಬೇಕು.
4. ದಿಕ್ಕು: ಇಬ್ಬದಿ ಜನ ನಿಂತಾಗ ನಡುವಿನ ದಾರಿಯಲ್ಲೇ ಸಾಗಬೇಕು.
5. ಆರೋಗ್ಯ: ದೇಹದ ಉಷ್ಣತೆ 38ರಿಂದ 39.3 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಕಾಲುಬಾಯಿ ರೋಗ, ಚಪ್ಪೆ ರೋಗ ಮತ್ತು ಗಳಲೆ ರೋಗದ ಲಸಿಕೆಗಳಾಗಿರಬೇಕು.

ಹಲವು ಊರುಗಳ ದನಗಳು ಒಂದೆಡೆ ಸೇರುವಲ್ಲಿ ಅಂಟುರೋಗ ಬೇಗ ಹರಡುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ಜಾನುವಾರು ಜಾತ್ರೆ ಮತ್ತು ಸಾಗಣೆಗೆ ನಿರ್ಬಂಧಗಳು ಬಂದಿದ್ದವು.

## ಇಟ್ಟುಕೊಳ್ಳುವುದೋ ಬಿಡುವುದೋ

ಮೊದಲ ಹಬ್ಬದಲ್ಲಿ ಕೊಬ್ಬರಿ ಕಳೆದುಕೊಂಡ ಮಾತ್ರಕ್ಕೆ ಹೋರಿ ನಿಷ್ಪ್ರಯೋಜಕವಲ್ಲ. ಅನುಭವ ಸಾಲದೆ ವೇಗ ತಗ್ಗಿಸುವುದು ಎಳೆಯ ಹೋರಿಗಳಲ್ಲಿ ಸಾಮಾನ್ಯ. ಎರಡು ಮೂರು ಸ್ಪರ್ಧೆಗಳಲ್ಲಿ ಅದು ಸುಧಾರಿಸುತ್ತಿದೆಯೇ ಎಂದು ನೋಡಬೇಕು. ಅದಕ್ಕೆ ವಿರುದ್ಧವಾಗಿ, ಗೆದ್ದರೂ ಒಮ್ಮೆ ಜನರ ಮೇಲೆ ತಿರುಗಿಬಿದ್ದ ಹೋರಿಯನ್ನು ಮತ್ತೆ ಬಿಡಬಾರದು. ಕುಂಟು, ಕಣ್ಣಿನ ದೋಷ, ಉಬ್ಬಸ ಕಂಡುಬಂದರೆ ಸ್ಪರ್ಧೆಯಿಂದ ಹಿಂದೆಗೆಯುವುದೇ ಸರಿ.

ಬಿಡುವ ನಿರ್ಧಾರ ಇಂದು ಮೊದಲಿಗಿಂತ ಕಠಿಣ. ಹಿಂದೆ ಓಟಕ್ಕೆ ಒಗ್ಗದ ಹೋರಿ ನೊಗಕ್ಕೆ ಒಗ್ಗುತ್ತಿತ್ತು. ಜೊತೆ ಹೊಂದಿಸಿ ಗಾಡಿಗೋ ಕುಂಟೆಗೋ ಹೂಡುತ್ತಿದ್ದರು. ಈಗ ಹೊಲದಲ್ಲಿ ಆ ಕೆಲಸ ಕಡಿಮೆ. 2021ರಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣೆ ಅಧಿನಿಯಮ, 2020ರ ಪ್ರಕಾರ ಯಾವುದೇ ವಯಸ್ಸಿನ ಹೋರಿ ಅಥವಾ ಎತ್ತಿನ ಹತ್ಯೆ ನಿಷಿದ್ಧ. ದನದ ಸಹಜ ಆಯುಸ್ಸು 15ರಿಂದ 20 ವರ್ಷ. ಸ್ಪರ್ಧೆಯ ಕಾಲ ಅದರಲ್ಲಿ ಒಂದು ಭಾಗ ಮಾತ್ರ. ಹೀಗಾಗಿ ಕರುವನ್ನು ಕೊಳ್ಳುವಾಗಲೇ, ಅದು ಸೋತರೂ ಮುಪ್ಪಾದರೂ ಮೇವು ನೀರು ಒದಗಿಸುವ ಶಕ್ತಿ ಇದೆಯೇ ಎಂದು ಆಲೋಚಿಸಬೇಕಾಗುತ್ತದೆ. ಗೆದ್ದು ದಣಿದ ಹೋರಿಯನ್ನು ಮನೆಯಲ್ಲೇ ಕೊನೆತನಕ ಸಾಕಿ, ಸತ್ತಾಗ ಮಣ್ಣು ಮಾಡುವ ಕುಟುಂಬಗಳೂ ಇವೆ.

## ಕಾನೂನು ಮತ್ತು ಸುರಕ್ಷತೆ

ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಅನಂತರ ಕರ್ನಾಟಕವು 2017ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ಕ್ಕೆ ರಾಜ್ಯದ ತಿದ್ದುಪಡಿ ತಂದು ಕಂಬಳ ಮತ್ತು ಹೋರಿ ಓಟ ಅಥವಾ ಎತ್ತಿನ ಗಾಡಿ ಓಟಗಳಿಗೆ ಷರತ್ತುಬದ್ಧ ಅವಕಾಶ ಕಲ್ಪಿಸಿತು. ತಮಿಳುನಾಡು, ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಇಂತಹ ತಿದ್ದುಪಡಿಗಳನ್ನು ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು. ಹೊಡೆಯುವುದು, ಹಾನಿಕರ ಮದ್ದು ಕೊಡುವುದು ಮುಂತಾದ ಹಿಂಸೆಗಳು 1960ರ ಕಾಯ್ದೆಯಡಿ ಅಪರಾಧಗಳೇ ಆಗಿವೆ.

ಶಿವಮೊಗ್ಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಹೋರಿ ತಿವಿದು ಪ್ರೇಕ್ಷಕರೂ ಸ್ಪರ್ಧಿಗಳೂ ಮೃತಪಟ್ಟ ಘಟನೆಗಳು ವರದಿಯಾಗಿವೆ. ಗಟ್ಟಿಯಾದ ಬೇಲಿ, ಓಣಿಯ ಕೊನೆಯಲ್ಲಿ ಸಾಕಷ್ಟು ಬಯಲು, ಪಶುವೈದ್ಯರು ಮತ್ತು ಆಂಬುಲೆನ್ಸ್ ಅಗತ್ಯವಾದರೂ, ಸಿದ್ಧವಲ್ಲದ ಹೋರಿಯನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಇವೆಲ್ಲಕ್ಕಿಂತ ಮೊದಲು ಕೈಗೊಳ್ಳಬಹುದಾದ ಮುನ್ನೆಚ್ಚರಿಕೆ.